ಕಾಯಕದ ಹಾಸು, ದಾಸೋಹದ ಹೊಕ್ಕು



ಶ್ರೀಮಠಕ್ಕೆ ಬರುವ ಭಕ್ತರು ಪೂಜ್ಯರ ಸನ್ನಿಧಿಯಲ್ಲಿ ನಿವೇದಿಸಿಕೊಳ್ಳುವ ಮಾತುಗಳನ್ನು ಗಮನಿಸಿದರೆ ಅವುಗಳಲ್ಲಿ ಬಹುಪಾಲು ಫಲವನ್ನು ಕುರಿತವುಗಳೇ ಆಗಿರುತ್ತವೆ. ಮಗಳಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದೀತು? ಮಗನಿಗೆ ನೌಕರಿ ಯಾವಾಗ ದೊರೆತೀತು? ಈ ವರ್ಷ ಕಬ್ಬಿನ ಬಿಲ್ಲು ಸಕಾಲಕ್ಕೆ ಕೈಸೇರೀತೇ? ಮಲಪ್ರಭೆಯ ದಂಡೆಯಲ್ಲಿ ಬಾಳುವ ನಮ್ಮ ರಾಮದುರ್ಗ ಸೀಮೆಯ ಜನರಿಗೆ ಈ ಚಿಂತೆಗಳು ಸಹಜವಾದವುಗಳು. ಹೊಟ್ಟೆ ಬಟ್ಟೆಯ ಪ್ರಶ್ನೆಯನ್ನು ಕೇಳುವವರನ್ನು ಲೋಭಿಗಳೆಂದು ಕರೆಯಲಾಗದು. ಆದರೆ ಮನಸ್ಸು ಸದಾ ಬರಲಿರುವ ಫಲದಲ್ಲಿಯೇ ನೆಲೆನಿಂತರೆ, ಕೈಯಲ್ಲಿರುವ ಕೆಲಸಕ್ಕೆ ಕೈ ಮಾತ್ರ ದೊರೆಯುತ್ತದೆ, ಮನಸ್ಸು ದೊರೆಯುವುದಿಲ್ಲ ಎಂಬುದು ಎಲ್ಲರ ಅನುಭವಕ್ಕೂ ಬಂದ ಸಂಗತಿಯಾಗಿದೆ. ದೈನಂದಿನ ಬದುಕಿನಲ್ಲಿ ಫಲಕ್ಕಿಂತ ಕ್ರಿಯೆಯಲ್ಲಿ ಮನಸ್ಸನ್ನಿಡುವುದು ಎಂದರೇನು, ಅದಕ್ಕೆ ಶರಣರು ತೋರಿದ ದಾರಿ ಯಾವುದು, ಆ ದಾರಿಯನ್ನು ನಾವು ಸರಿಯಾಗಿ ಅರಿತಿದ್ದೇವೆಯೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಚಿಂತಿಸಬಯಸುತ್ತೇನೆ.

ಫಲಾಪೇಕ್ಷೆಯಿಲ್ಲದೆ ಕರ್ಮವನ್ನು ಮಾಡಬೇಕೆಂಬ ಉಪದೇಶವು ನಮ್ಮ ನಾಡಿಗೆ ಹೊಸದಲ್ಲ. ಭಗವದ್ಗೀತೆಯಲ್ಲಿ ಅದು ರಣರಂಗದಲ್ಲಿ ನಿಂತ ಒಬ್ಬ ಕ್ಷತ್ರಿಯನಿಗೆ, ಅವನ ಹುಟ್ಟಿನೊಂದಿಗೆ ಬಂದ ಸ್ವಧರ್ಮವನ್ನು ನೆನಪಿಸುತ್ತ ಹೇಳಿದ ಮಾತು. ಹನ್ನೆರಡನೆಯ ಶತಮಾನದ ಶರಣರು ಅದೇ ಸಮಸ್ಯೆಯನ್ನು ಬೇರೊಂದು ನೆಲೆಯಿಂದ ಎತ್ತಿಕೊಂಡರು. ಅವರ ಮುಂದಿದ್ದವರು ಅರಸುಮಕ್ಕಳಲ್ಲ. ನೇಯುವವರು, ಒಗೆಯುವವರು, ದೋಣಿ ನಡೆಸುವವರು, ಬುಟ್ಟಿ ಹೆಣೆಯುವವರು. ಅವರು ಬಳಸಿದ ಪದವೂ ಬೇರೆ. ಕಾಯಕವೆಂಬ ಶಬ್ದವು ಕಾಯದಿಂದ ಬಂದಿದೆ. ದೇಹವು ಈ ಗಳಿಗೆಯಲ್ಲಿ, ಈ ಸ್ಥಳದಲ್ಲಿ ತೊಡಗಿರುವ ದುಡಿಮೆಯೇ ಕಾಯಕ. ಭವಿಷ್ಯತ್ಕಾಲದಲ್ಲಿ ಯಾರೂ ಕಾಯಕವನ್ನು ಮಾಡಲಾರರು. ಕೈಲಾಸವು ಎಲ್ಲೋ ಮುಂದೆ ದೊರೆಯಲಿರುವ ಪ್ರತಿಫಲವೆಂಬ ಭಾವನೆಯನ್ನು ತೆಗೆದುಹಾಕಿ, ಅದನ್ನು ದುಡಿಮೆಯೊಳಗೇ ತಂದು ನೆಲೆಗೊಳಿಸಿದ್ದು ಶರಣರ ಬಹುದೊಡ್ಡ ಸಾಧನೆ.

ಶರಣರ ಹೆಸರುಗಳನ್ನೇ ನೋಡಿ. ಜೇಡರ ದಾಸಿಮಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಕದಿರ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ. ಈ ಹೆಸರುಗಳಲ್ಲಿ ಮಗ್ಗವಿದೆ, ಹುಟ್ಟಿದೆ, ಬಿದಿರಿದೆ, ಹುರಿಯಿದೆ, ಕದಿರಿದೆ. ಎಷ್ಟು ಗಳಿಸಿದರು, ಏನನ್ನು ಸಾಧಿಸಿದರು ಎಂಬುದರ ಗುರುತು ಒಂದರಲ್ಲಿಯೂ ಇಲ್ಲ. ಇಂದು ನಾವು ಮನೆಯ ಬಾಗಿಲಿನ ಫಲಕದಲ್ಲಿ ಪದವಿಯನ್ನೂ ಹುದ್ದೆಯನ್ನೂ ಬರೆಯಿಸುತ್ತೇವೆ. ಅವು ದೊರೆತ ಫಲದ ಗುರುತುಗಳು. ಶರಣರಾದರೋ ತಾವು ದಿನವೂ ಮಾಡುತ್ತಿದ್ದ ಕ್ರಿಯೆಯನ್ನೇ ಹೆಸರಿಗೆ ಜೋಡಿಸಿಕೊಂಡು ಎಂಟುನೂರು ವರ್ಷಗಳಿಗೂ ಮಿಕ್ಕಿ ಬಾಳಿದ್ದಾರೆ.

ನುಲಿಯ ಚಂದಯ್ಯನವರ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿವರವಾಗಿ ಬಂದಿದೆ. ಹುರಿ ಹೊಸೆಯಲು ಹುಲ್ಲು ಕೊಯ್ಯುತ್ತಿರುವಾಗ ಅವರ ಇಷ್ಟಲಿಂಗವು ಕಳಚಿ ಬಿದ್ದಿತಂತೆ. ಚಂದಯ್ಯನವರು ಅದನ್ನೆತ್ತಿಕೊಳ್ಳಲು ಕಾಯಕವನ್ನು ನಿಲ್ಲಿಸಲಿಲ್ಲ; ಲಿಂಗವೇ ಅವರ ಬೆನ್ನು ಹತ್ತಿ ಬಂದಿತು. ಆಗಲೂ ಅವರು ಒಲ್ಲೆನೆಂದರು. ಕೊನೆಗೆ ಮಡಿವಾಳ ಮಾಚಯ್ಯನವರು ನಡುವೆ ನಿಂತು ವಿಚಾರವನ್ನು ಬಗೆಹರಿಸಬೇಕಾಯಿತು. ಲಿಂಗನಿಷ್ಠೆಯೇ ಪ್ರಾಣವಾಗಿದ್ದ ಸಮಾಜದಲ್ಲಿ ಇಂತಹ ಕಥೆಯೊಂದು ಹುಟ್ಟಿ ಉಳಿದುಬಂದಿತೆಂಬುದೇ ಆಶ್ಚರ್ಯದ ಸಂಗತಿ. ಕೈಯಲ್ಲಿದ್ದ ಹುಲ್ಲಿನ ಎಳೆಯನ್ನು ಬಿಟ್ಟು ಪಡೆಯಬೇಕಾದುದು ಬೇರೇನೂ ಇಲ್ಲವೆಂಬ ನಿಲುವು ಅದು. ಮಾಡುವ ಕೆಲಸದೊಳಗೆ ದೇವರನ್ನು ಕಂಡವನಿಗೆ ಕೆಲಸದ ಹೊರಗೆ ದೇವರನ್ನು ಹುಡುಕುವ ಅವಸರವಿರುವುದಿಲ್ಲ.

ಈ ವಿಚಾರವನ್ನು ನಾನು ಗ್ರಂಥಗಳಲ್ಲಿ ಓದುವುದಕ್ಕಿಂತ ಮುಂಚೆಯೇ ಮಗ್ಗದಲ್ಲಿ ಕಂಡಿದ್ದೆ. ರಾಮದುರ್ಗವು ಕೈಮಗ್ಗದ ಊರು. ನನ್ನ ತಂದೆಯವರು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ತಾಯಿಯವರು ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಧಾರವಾಡಕ್ಕೆ ಎಂ.ಎ. ಓದಲು ಹೋಗುವವರೆಗೆ ನನ್ನ ಅಭ್ಯಾಸವೆಲ್ಲ ಲಾಳಿಯ ಸಪ್ಪಳದಲ್ಲಿಯೇ ನಡೆಯಿತು. ಮಗ್ಗವನ್ನು ಹತ್ತಿರದಿಂದ ನೋಡದವರಿಗಾಗಿ ಅದರ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಏಕೆಂದರೆ ಕ್ರಿಯೆಯಲ್ಲಿ ಮನಸ್ಸಿಡುವುದು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ನಾನು ಕಾಣೆ.

ಕುಣಿಮಗ್ಗದಲ್ಲಿ ನೇಕಾರನು ನೆಲದ ಮಟ್ಟದಲ್ಲಿ ಕುಳಿತು, ಕಾಲುಗಳನ್ನು ಮುಂದಿನ ಕುಣಿಯೊಳಗೆ ಇಳಿಬಿಟ್ಟು ತುಳಿಮಣೆಗಳನ್ನು ತುಳಿಯುತ್ತಾನೆ. ಆ ಕುಣಿಯು ಕಾಲಿಗೆ ಜಾಗ ಮಾಡಿಕೊಡುವುದಕ್ಕಾಗಿ ಮಾತ್ರ ಇರುವುದಲ್ಲ. ನೆಲದ ತಂಪು ಹತ್ತಿಯ ನೂಲನ್ನು ಮೆದುವಾಗಿಟ್ಟು, ಎಳೆಗಳು ಬೇಗ ಹರಿಯದಂತೆ ಕಾಯುತ್ತದೆ. ಉದ್ದನೆಯ ಎಳೆಗಳಿಗೆ ಹಾಸು ಎಂದೂ, ಅಡ್ಡ ಎಳೆಗಳಿಗೆ ಹೊಕ್ಕು ಎಂದೂ ಹೆಸರು. ಕಾಲು ತುಳಿದಾಗ ಹಾಸಿನ ಎಳೆಗಳು ಇಬ್ಭಾಗವಾಗಿ ಬಾಯಿ ತೆರೆಯುತ್ತವೆ; ಆ ಬಾಯಿಯೊಳಗಿಂದ ಲಾಳಿಯು ಹಾಯ್ದುಹೋಗುತ್ತದೆ; ಹಣಿಗೆಯು ಹೊಸ ಎಳೆಯನ್ನು ಹಿಂದಿನ ಎಳೆಗೆ ಬಡಿದು ಕೂಡಿಸುತ್ತದೆ. ಅಲ್ಲಿಗೆ ಒಂದು ಹೊಕ್ಕು ಮುಗಿಯಿತು. ಅಂಗುಲಕ್ಕೆ 60 ಹೊಕ್ಕು ಎಂದು ಲೆಕ್ಕ ಹಿಡಿದರೆ, 6 ಗಜದ ಅಂದರೆ 216 ಅಂಗುಲದ ಒಂದು ಸೀರೆಗೆ 12,960 ಸಲ ಲಾಳಿ ಹಾಯಬೇಕು. ಸೀರೆಯನ್ನು ನೇಯುತ್ತೇನೆಂದು ಹೇಳುವವನು ನಿಜವಾಗಿ ಸೀರೆಯನ್ನು ನೇಯುವುದೇ ಇಲ್ಲ. ಅವನು ನೇಯುವುದು ಒಂದು ಹೊಕ್ಕನ್ನು, ಅನಂತರ ಮತ್ತೊಂದು ಹೊಕ್ಕನ್ನು.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ನೇಯ್ದ ಬಟ್ಟೆಯು ನೇಕಾರನ ಮಡಿಲ ಬಳಿಯಿರುವ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಇನ್ನೂ ನೇಯಬೇಕಾದ ಹಾಸು ಆಚೆ ಬದಿಯಲ್ಲಿ ಚಾಚಿಕೊಂಡಿರುತ್ತದೆ. ಅವನ ಕಣ್ಣಿಗೆ ಬೀಳುವ ಬಟ್ಟೆ ಒಂದು ಮೊಳದಷ್ಟು ಮಾತ್ರ. ಆಗಿಹೋದದ್ದು ಸುತ್ತಿಕೊಂಡು ಮರೆಯಾಗಿದೆ. ಆಗಬೇಕಾದದ್ದು ಇನ್ನೂ ಬಿಡಿ ಎಳೆಗಳಾಗಿಯೇ ಇದೆ. ಎಳೆಯೊಂದು ಹರಿದರೆ ಅದನ್ನು ಆ ಕ್ಷಣದಲ್ಲಿಯೇ ಕೂಡಿಸಬೇಕು. ಮುಂದೆ ನೋಡಿಕೊಂಡರಾಯಿತೆಂದು ಹತ್ತು ಹೊಕ್ಕು ಹಾಕಿದರೆ, ಆ ಬಿರುಕು ಬಟ್ಟೆಯೊಳಗೆ ಶಾಶ್ವತವಾಗಿ ಉಳಿಯುತ್ತದೆ. ಹಳೆಯ ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಜೋಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆಗಳನ್ನು ಕೆಚ್ಚುವಾಗ ಅವಸರವೆಂಬುದಕ್ಕೆ ಅಲ್ಲಿ ಎಡೆಯೇ ಇಲ್ಲ. ಎಷ್ಟು ಉಳಿಯಿತೆಂದು ಮತ್ತೆ ಮತ್ತೆ ಎಣಿಸುವವನ ಕೈಯಲ್ಲಿ ಎಳೆ ತಪ್ಪುತ್ತದೆ. ಫಲದ ಚಿಂತೆಯು ಫಲವನ್ನೇ ಕೆಡಿಸುತ್ತದೆಂಬುದನ್ನು ಮಗ್ಗವು ಯಾವ ಉಪದೇಶವೂ ಇಲ್ಲದೆ ಕಲಿಸುತ್ತದೆ.

ಆದರೆ ಬಂಧುಗಳೇ, ಇಲ್ಲಿಗೇ ಲೇಖನವನ್ನು ಮುಗಿಸಿ ಕ್ರಿಯೆಯಲ್ಲಿ ಮನಸ್ಸಿಡಿ, ಫಲವನ್ನು ಶಿವನಿಗೆ ಬಿಡಿ ಎಂದು ಹೇಳಿಬಿಡುವುದು ಸುಲಭ. ಅಷ್ಟಕ್ಕೇ ನಿಲ್ಲದಂತೆ ನನ್ನನ್ನು ತಡೆದದ್ದು ನೆರೆ ಬಂದು ಹೋದ ಮೇಲೆ ಕೇಳಿದ ಒಂದು ಪ್ರಶ್ನೆ.

2019ರ ಆಗಸ್ಟ್ ತಿಂಗಳನ್ನು ನಮ್ಮ ಭಾಗದ ಜನ ಮರೆಯುವಂತಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟನ್ನು ದಾಟಿ ನಮ್ಮೂರಿನ ಕಡೆಗೆ ಬರುತ್ತಾಳೆ. ಆ ವರ್ಷ ಘಟ್ಟ ಪ್ರದೇಶದಲ್ಲಿ ಸುರಿದ ಮಳೆಗೆ ಜಲಾಶಯ ತುಂಬಿ, ಹೊರಬಿಟ್ಟ ನೀರು ರಾಮದುರ್ಗ, ಸುರೇಬಾನ ಮೊದಲಾದ ಊರುಗಳೊಳಗೆ ನುಗ್ಗಿತು. 2015ರಿಂದ ಆಗಸ್ಟ್ 7ನೆಯ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ದೇಶವೆಲ್ಲ ಆಚರಿಸುತ್ತಿದೆ. ಆ ವರ್ಷ ಅದೇ ದಿನಗಳ ಆಸುಪಾಸಿನಲ್ಲಿ ನಮ್ಮಲ್ಲಿ ಮಗ್ಗಗಳು ನೀರಿನಲ್ಲಿ ನಿಂತಿದ್ದವು. ನೂಲಿಗೆ ತಂಪು ಕೊಡುವ ಕುಣಿಯೇ ಮೊದಲು ತುಂಬಿತು. ನೀರು ಇಳಿದ ಮೇಲೆ ಉಳಿದದ್ದು ಕೆಸರು, ಉಬ್ಬಿದ ಮರ, ಕೊಳೆಯಹತ್ತಿದ ಅರೆನೇಯ್ದ ಹಾಸು. ನಮ್ಮ ಮನೆಯ ಮಗ್ಗವೂ ಹಾಗೆಯೇ ಆಯಿತು. ತಂದೆಯವರು ಹಾಸನ್ನು ಕತ್ತರಿಸಿ ತೆಗೆದು, ಬುಟ್ಟಿಯಿಂದ ಕುಣಿಯ ಕೆಸರನ್ನು ಹೊತ್ತು ಹಾಕಿ, ಹಣಿಗೆಯನ್ನು ಅಂಗಳದಲ್ಲಿಟ್ಟುಕೊಂಡು ಅದರ ಒಂದೊಂದು ಹಲ್ಲಿನ ನಡುವಿನ ಮಣ್ಣನ್ನು ತೆಗೆಯುತ್ತ ಕುಳಿತರು. ನೂಲು ಯಾವಾಗ ದೊರೆಯುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಮುಂದೆ ತಿಂಗಳುಗಳು ಕಳೆದ ಮೇಲೆ ನಮ್ಮ ಮಗ್ಗ ಮತ್ತೆ ನಡೆಯಿತು. ಓಣಿಯ ಕೆಲವರು ಮಗ್ಗಕ್ಕೆ ಮರಳಲೇ ಇಲ್ಲ. ಗೌಂಡಿ ಕೆಲಸಕ್ಕೆ, ದೂರದ ಊರುಗಳ ಕೂಲಿಗೆ ಹೋದರು. ಅವರ ಕಾಯಕನಿಷ್ಠೆಯು ಕಡಿಮೆಯಾಗಿತ್ತೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಅನಂತರದ ಒಂದು ಶ್ರಾವಣ ಮಾಸದಲ್ಲಿ ಕಾಯಕತತ್ತ್ವವನ್ನು ಕುರಿತು ನಡೆದ ಚಿಂತನಗೋಷ್ಠಿಯಲ್ಲಿ ನಾನು ಕೆಲವು ಮಾತುಗಳನ್ನಾಡಿದೆ. ಮುಗಿದ ಮೇಲೆ ಹಿರಿಯ ತಾಯಿಯೊಬ್ಬರು ಎದ್ದು ನಿಂತು ಕೇಳಿದರು: "ಫಲದ ಕಡೆ ನೋಡಬ್ಯಾಡ್ರಿ ಅಂತ ಹೇಳಿದ್ರಿ, ಖರೆ ಐತಿ. ನಾವು ಎಳಿ ನೋಡಕೋತ ಕುಂತ್ರ, ಮಜೂರಿ ನೋಡಾವ್ರು ಯಾರ್ರಿ?" ಸಭೆಯಲ್ಲಿ ಯಾರೂ ನಗಲಿಲ್ಲ. ಅಲ್ಲಿ ಕುಳಿತವರಲ್ಲಿ ಅರ್ಧದಷ್ಟು ಜನ ಮಗ್ಗದ ಮನೆಯವರು. ನೂಲನ್ನು ಬೇರೆಯವರಿಂದ ಪಡೆದು, ನೇಯ್ದದ್ದನ್ನು ಅವರಿಗೆ ಒಪ್ಪಿಸಿ, ಅಳತೆಯ ಮೇಲೆ ಮಜೂರಿ ಪಡೆಯುವ ನೇಕಾರರಿಗೆ ಬಟ್ಟೆಯ ಬೆಲೆಯನ್ನು ಕಟ್ಟುವ ಅಧಿಕಾರವಿರುವುದಿಲ್ಲ. ಅವರ ಫಲವು ಅವರ ಕೈಯಲ್ಲಿಲ್ಲ. ಇಲ್ಲದ ಫಲವನ್ನು ತ್ಯಾಗ ಮಾಡಿರೆಂದು ಅವರಿಗೆ ಉಪದೇಶಿಸುವುದರಲ್ಲಿ ಯಾವ ಅರ್ಥವಿದೆ? ಆ ತಾಯಿಯ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಶರಣರ ಚರಿತ್ರೆಗಳನ್ನು ಮತ್ತೊಮ್ಮೆ ಓದಿದೆ. ಅಲ್ಲಿ ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಶರಣರು ಕೂಲಿಯ ಲೆಕ್ಕವನ್ನು ಮರೆತವರಲ್ಲ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ಮರಳಿಸಿ ಬರುವಂತೆ ಕಳುಹಿಸಿದರು. ಈ ಕಥೆಯನ್ನು ನಾವು ಸಾಮಾನ್ಯವಾಗಿ ನಿರಾಸೆಯ, ಅಂದರೆ ಆಸೆಯಿಲ್ಲದಿರುವಿಕೆಯ ಕಥೆಯೆಂದು ಓದುತ್ತೇವೆ. ಅದು ನಿಜ. ಆದರೆ ಹೆಚ್ಚು ಯಾವುದೆಂದು ಅರಿಯಬೇಕಾದರೆ ಸರಿಯಾದದ್ದು ಎಷ್ಟೆಂದು ತಿಳಿದಿರಬೇಕಲ್ಲವೇ? ಲಕ್ಕಮ್ಮನವರಿಗೆ ತಮ್ಮ ಮನೆಗೆ ಸಲ್ಲಬೇಕಾದ ಅಕ್ಕಿಯ ಪ್ರಮಾಣವು ಕರಾರುವಾಕ್ಕಾಗಿ ತಿಳಿದಿತ್ತು. ಸಲ್ಲಬೇಕಾದದ್ದಕ್ಕಿಂತ ಹಿಡಿಯಷ್ಟು ಹೆಚ್ಚು ಬಂದರೂ ಅದು ಪರರದ್ದು. ಅದೇ ನ್ಯಾಯದಿಂದ, ಸಲ್ಲಬೇಕಾದದ್ದಕ್ಕಿಂತ ಹಿಡಿಯಷ್ಟು ಕಡಿಮೆ ಕೊಟ್ಟರೆ ಕೊಟ್ಟವನ ಮನೆಯಲ್ಲಿ ಪರರದ್ದು ಉಳಿಯಿತೆಂದೇ ಅರ್ಥ. ಈ ಎರಡನೆಯ ಅರ್ಥವನ್ನು ನಾವು ಹೆಚ್ಚಾಗಿ ಹೇಳುವುದಿಲ್ಲ. ಲಕ್ಕಮ್ಮನವರ ತಕ್ಕಡಿಗೆ ಎರಡೂ ತಟ್ಟೆಗಳಿವೆ.

ಎರಡನೆಯದಾಗಿ, ಶರಣರು ಕಾಯಕವೆಂಬ ಮಾತನ್ನು ಒಂಟಿಯಾಗಿ ಹೇಳಿದವರಲ್ಲ. ಕಾಯಕದ ಜೊತೆಗೆ ದಾಸೋಹವು ಸದಾ ಇರುತ್ತದೆ. ದಾಸೋಹವನ್ನು ನಾವು ಅನ್ನದಾನವೆಂಬ ಕಿರಿದಾದ ಅರ್ಥದಲ್ಲಿ ತೆಗೆದುಕೊಳ್ಳುತ್ತೇವೆ. ವಾಸ್ತವವಾಗಿ ಅದು ಫಲದ ವ್ಯವಸ್ಥೆ. ದುಡಿದವನು ತನ್ನ ಫಲವನ್ನು ತಾನೇ ಬಾಚಿಕೊಳ್ಳದೆ ಸಮುದಾಯಕ್ಕೆ ಒಪ್ಪಿಸುತ್ತಾನೆ. ಸಮುದಾಯವು ದುಡಿದವನನ್ನು ಹಸಿಯಗೊಡುವುದಿಲ್ಲ. ಶರಣರ ಕಲ್ಯಾಣದಲ್ಲಿ ಒಬ್ಬನು ತನ್ನ ಫಲವನ್ನು ಕುರಿತು ನಿಶ್ಚಿಂತನಾಗಿರಲು ಸಾಧ್ಯವಾದದ್ದು ಉಳಿದವರು ಅದನ್ನು ಕುರಿತು ಚಿಂತಿಸುತ್ತಿದ್ದುದರಿಂದ. ಆದ್ದರಿಂದ ಫಲವನ್ನು ನೋಡಬೇಡ ಎಂಬ ಮಾತಿಗೆ ಶರಣಧರ್ಮದಲ್ಲಿ ಪೂರ್ಣವಾದ ರೂಪವು ಹೀಗಿದೆಯೆಂದು ನಾನು ತಿಳಿಯುತ್ತೇನೆ: ನಿನ್ನ ಫಲವನ್ನು ನೀನು ನೋಡಬೇಡ, ನಿನ್ನ ನೆರೆಯವನ ಫಲವನ್ನು ನೋಡು. ಎಳೆಯ ಮೇಲೆ ಕಣ್ಣಿಡುವುದು ನೇಯುವವನ ಕಾಯಕ. ಮಜೂರಿಯ ಮೇಲೆ ಕಣ್ಣಿಡುವುದು ಉಡುವವನ ಕಾಯಕ. ಹಾಸು ಮಾತ್ರವಿದ್ದರೆ ಅದು ಬಟ್ಟೆಯಲ್ಲ, ಬಿಡಿ ಎಳೆಗಳ ಸಾಲು. ಕಾಯಕವು ಹಾಸು, ದಾಸೋಹವು ಹೊಕ್ಕು. ಎರಡೂ ಕೂಡಿದಾಗಲೇ ಮೈಮುಚ್ಚುವ ಅರಿವೆಯಾಗುತ್ತದೆ. ಗೋಷ್ಠಿಯಲ್ಲಿ ಕೇಳಿದ ಆ ತಾಯಿಗೆ ಇದೇ ಉತ್ತರವೆಂದು ನನಗೆ ತೋರುತ್ತದೆ. ಆ ಉತ್ತರವನ್ನು ಮಾತಿನಲ್ಲಿ ಕೊಡಬೇಕಾದವನು ನಾನಾದರೂ, ಕೃತಿಯಲ್ಲಿ ಕೊಡಬೇಕಾದವರು ನಾವೆಲ್ಲರೂ ಆಗಿದ್ದೇವೆ.

ಈ ಬೆಳಕಿನಲ್ಲಿ ಜೇಡರ ದಾಸಿಮಯ್ಯನವರ ಕಥೆಯನ್ನು ನೋಡೋಣ. ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನವರೆಂದು ಹೇಳಲಾಗುವ, ರಾಮನಾಥನ ಅಂಕಿತದಲ್ಲಿ ವಚನಗಳನ್ನು ರಚಿಸಿದ ಈ ನೇಕಾರ ಶರಣರು ಬಹುಕಾಲ ಶ್ರಮಿಸಿ ಒಂದು ಅಪೂರ್ವವಾದ ವಸ್ತ್ರವನ್ನು ನೇಯ್ದರೆಂದೂ, ಸಂತೆಯಲ್ಲಿ ಅದಕ್ಕೆ ಬೆಲೆ ಕಟ್ಟುವವರೇ ಇಲ್ಲದೆ ಮರಳುವಾಗ ಮುದಿ ಜಂಗಮನೊಬ್ಬನು ಅದನ್ನು ಬೇಡಿದನೆಂದೂ ಪುರಾಣಗಳು ಹೇಳುತ್ತವೆ. ದಾಸಿಮಯ್ಯನವರು ಕೊಟ್ಟರು. ಜಂಗಮನು ಅವರ ಕಣ್ಣೆದುರಿಗೇ ಅದನ್ನು ಹರಿದು ಚೂರುಚೂರು ಮಾಡಿದನು. ಅವರ ಮನಸ್ಸು ಕದಡಲಿಲ್ಲ. ಮೆಚ್ಚಿದ ಶಿವನು ಎಂದಿಗೂ ಬರಿದಾಗದ ತವನಿಧಿಯನ್ನು ಅವರಿಗೆ ಕರುಣಿಸಿದನು.

ಮಗ್ಗದ ಮನೆಯಲ್ಲಿ ಹುಟ್ಟಿದ ನನಗೆ ಈ ಕಥೆಯ ಒಂದು ಅಂಶವು ವಿಶೇಷವಾಗಿ ಕಾಣುತ್ತದೆ. ಹರಿದುಹೋದದ್ದು ಬಟ್ಟೆ, ನೇಯ್ಗೆಯಲ್ಲ. ವರ್ಷಗಟ್ಟಲೆ ಒಂದೊಂದು ಹೊಕ್ಕಿಗೂ ಮನಸ್ಸನ್ನು ಕೊಟ್ಟು ನೇಯ್ದ ಆ ಕ್ರಿಯೆಯು ಆಗಲೇ ಪೂರ್ಣಗೊಂಡಿತ್ತು. ಅದನ್ನು ಯಾರೂ ಹರಿಯಲಾರರು. ಆದರೆ ಕಥೆಯ ಕೊನೆಯನ್ನೂ ಮರೆಯಬಾರದು. ವಸ್ತ್ರವನ್ನು ಹರಿದ ಶಿವನು ದಾಸಿಮಯ್ಯನವರನ್ನು ಬರಿಗೈಯಲ್ಲಿ ಮನೆಗೆ ಕಳುಹಿಸಲಿಲ್ಲ. ದುಗ್ಗಳೆಯವರ ಸಂಸಾರಕ್ಕೆ ಅನ್ನ ಬೇಕೆಂಬುದು ಅವನಿಗೆ ತಿಳಿದಿತ್ತು. ನೇಕಾರನ ನಿಷ್ಠೆಯನ್ನು ಮೆಚ್ಚಿ ಚಪ್ಪಾಳೆ ತಟ್ಟಿ ಹೋಗಿಬಿಟ್ಟಿದ್ದರೆ ಅವನು ಶಿವನೆನಿಸುತ್ತಿರಲಿಲ್ಲ. ನೇಯುವವನ ನಿಶ್ಚಿಂತೆಯನ್ನು ಕೊಂಡಾಡುವ ನಾವು, ತವನಿಧಿಯ ಅಕ್ಕಿಯನ್ನೂ ಅಳೆದು ಕೊಡಬೇಕೆಂಬ ಪಾಠವನ್ನು ಅದೇ ಕಥೆಯಿಂದ ಕಲಿಯಬೇಕಾಗಿದೆ.

ಇನ್ನು ನನ್ನ ಪಾಲಿಗೆ ಬಂದಿರುವ ಕಾಯಕಕ್ಕೆ ಬರುತ್ತೇನೆ. ವಚನಗಳ ಪಾಠವನ್ನು ಹೋಲಿಸಿ ನೋಡುವುದು, ಮುದ್ರಣದ ಕರಡನ್ನು ತಿದ್ದುವುದು, ಭಕ್ತರಿಗೆ ಅರ್ಥವನ್ನು ಬರೆದುಕೊಡುವುದು ನನ್ನ ನಿತ್ಯದ ಕೆಲಸ. ಇದೂ ಒಂದು ಬಗೆಯ ಮಗ್ಗವೇ. ಒಂದು ಅಕ್ಷರದಿಂದ ಮುಂದಿನ ಅಕ್ಷರಕ್ಕೆ ಹೋಗಬೇಕೇ ಹೊರತು ಪುಟವನ್ನು ಒಮ್ಮೆಗೇ ತಿದ್ದಲಾಗದು. ಈ ಕೆಲಸದಲ್ಲಿ ಬೇಸರವು ಕವಿದಾಗಲೆಲ್ಲ ನಾನು ಡಾ. ಫ.ಗು. ಹಳಕಟ್ಟಿಯವರನ್ನು ನೆನೆಯುತ್ತೇನೆ. 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಯಪುರದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡಿದ್ದ ಅವರು ಊರೂರು ಅಲೆದು, ಮನೆಮನೆಗಳ ಜಗುಲಿಯಲ್ಲಿ ಪೂಜೆಗೊಳ್ಳುತ್ತಿದ್ದ ತಾಡೋಲೆಯ ಕಟ್ಟುಗಳನ್ನು ಬೇಡಿ ತಂದು, ಓದಿ, ಪ್ರತಿಮಾಡಿದರು. ಅಚ್ಚಿಗಾಗಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ ಹಸ್ತಪ್ರತಿಯು ಮುದ್ರಣವಾಗದೆ ಮರಳಿ ಬಂದಿತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಅಚ್ಚಾಯಿತು. ಮುಂದೆ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ವತಃ ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಅವರು ಲಿಂಗೈಕ್ಯರಾದರು.

ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದದ್ದು 1993ರಲ್ಲಿ, ಅಂದರೆ ಹಳಕಟ್ಟಿಯವರು ತೀರಿಕೊಂಡು 29 ವರ್ಷಗಳಾದ ಮೇಲೆ. ತಾವು ಹಾಸಿದ ಹಾಸು ಎಷ್ಟು ದೊಡ್ಡ ಬಟ್ಟೆಯಾಯಿತೆಂಬುದನ್ನು ಅವರು ಕಾಣಲಿಲ್ಲ. ಅವರಿಗೆ ದೊರೆತದ್ದು ಪ್ರತಿದಿನದ ಒಂದು ಓಲೆಗರಿ, ಅದರ ಮೇಲಿನ ಮಸುಕಾದ ಅಕ್ಷರ, ಅದನ್ನು ಬಿಡಿಸಿ ಓದಿದಾಗಿನ ಸಂತೋಷ. ಅವರ ಸಾಧನೆಯನ್ನು ಹೊಗಳುವಾಗ ಅವರು ಬಡತನವನ್ನು ಅನುಭವಿಸಿದರೆಂಬುದನ್ನೂ ಭಾಷಣಕಾರರು ಅಭಿಮಾನದಿಂದ ಹೇಳುವುದುಂಟು. ಹಳಕಟ್ಟಿಯವರಿಗೆ ಆ ಬಡತನವು ತಪಸ್ಸಾಗಿರಬಹುದು. ಅವರ ಕಾಲದ ಸಮಾಜಕ್ಕೆ ಅದು ಹೆಮ್ಮೆಯ ವಿಷಯವಲ್ಲ. ಎಳೆಯನ್ನು ನೋಡುತ್ತ ಕುಳಿತ ಒಬ್ಬ ಮಹಾನುಭಾವರ ಮಜೂರಿಯನ್ನು ನೋಡುವವರು ಅಂದೂ ಸಾಕಷ್ಟು ಇರಲಿಲ್ಲ.

ಹಾಗಾದರೆ ದೈನಂದಿನ ಬದುಕಿನಲ್ಲಿ ನಾವು ಇದನ್ನು ಹೇಗೆ ಆಚರಣೆಗೆ ತರಬೇಕು? ಇಷ್ಟಲಿಂಗ ಪೂಜೆಯೇ ಇದಕ್ಕೆ ಮೊದಲ ಪಾಠಶಾಲೆ. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸುವ ಆ ಹತ್ತಿಪ್ಪತ್ತು ನಿಮಿಷಗಳಲ್ಲಿ ಬೇಡಬೇಕಾದದ್ದು ಏನೂ ಇಲ್ಲ, ಪೂಜೆ ಮುಗಿದ ಮೇಲೆ ದೊರೆಯುವ ಪ್ರಸಾದದ ಆತುರವೂ ಇಲ್ಲ. ನೋಡುವುದೇ ಅಲ್ಲಿ ಪೂಜೆ. ನೋಟವು ಜಾರಿದರೆ ಮತ್ತೆ ತಂದು ನಿಲ್ಲಿಸುವುದು, ಹರಿದ ಎಳೆಯನ್ನು ಆ ಕ್ಷಣದಲ್ಲಿಯೇ ಕೂಡಿಸಿದಂತೆ. ಮುಂಜಾನೆ ಕಲಿತ ಈ ಅಭ್ಯಾಸವನ್ನು ಹಗಲಿನ ಕೆಲಸಕ್ಕೆ ಕೊಂಡೊಯ್ದರೆ ಅದೇ ಕಾಯಕವಾಗುತ್ತದೆ. ರೊಟ್ಟಿ ಬಡಿಯುವ ತಾಯಿಯು ಎಷ್ಟು ರೊಟ್ಟಿ ಬಾಕಿಯಿದೆಯೆಂದು ನೋಡದೆ ಕೈಯಲ್ಲಿರುವ ಹಿಟ್ಟಿನ ಅಂಚು ಒಡೆಯದಂತೆ ನೋಡಲಿ. ವಿದ್ಯಾರ್ಥಿಯು ಅಂಕವನ್ನು ಎಣಿಸದೆ ಮುಂದಿರುವ ಒಂದು ಲೆಕ್ಕವನ್ನು ಅರ್ಥಮಾಡಿಕೊಳ್ಳಲಿ. ಬಿತ್ತುವ ರೈತನು ಮಳೆಯನ್ನು ತನ್ನ ಕೈಯಲ್ಲಿ ಹಿಡಿಯಲಾರ. ಬೀಜ ಬೀಳುವ ಆಳವನ್ನು ಹಿಡಿಯಬಲ್ಲ.

ಇದು ಅರ್ಧ ಮಾತ್ರ. ಉಳಿದ ಅರ್ಧವೂ ನಮ್ಮ ಮೇಲಿದೆ. ರೊಟ್ಟಿ ಬಡಿದವಳು ಉಂಡಳೇ ಎಂದು ಮನೆಯವರು ನೋಡಬೇಕು. ಅಂಕ ಕಡಿಮೆ ಬಂದ ಮಗುವು ಕಲಿತದ್ದೇನೆಂದು ತಂದೆತಾಯಿಗಳು ಕೇಳಬೇಕು. ಸಂತೆಯಲ್ಲಿ ಕಾಯಿಪಲ್ಲೆಯವಳೊಡನೆ ಎರಡು ರೂಪಾಯಿಗಾಗಿ ಜಗ್ಗಾಡುವ ನಾವು, ಅಂಗಡಿಯಲ್ಲಿ ಅಚ್ಚು ಹಾಕಿದ ಬೆಲೆಯನ್ನು ತುಟಿ ಪಿಟಕ್ಕೆನ್ನದೆ ಕೊಡುತ್ತೇವೆ. ಈ ಪದ್ಧತಿಯನ್ನು ಕುರಿತು ಯೋಚಿಸಬೇಕು. ಮದುವೆ, ಗೃಹಪ್ರವೇಶಗಳಿಗೆ ಸೀರೆ ಧೋತರಗಳನ್ನು ಕೊಳ್ಳುವಾಗ ವರ್ಷಕ್ಕೊಮ್ಮೆಯಾದರೂ ನಮ್ಮೂರಿನ ಮಗ್ಗದ ಬಟ್ಟೆಯನ್ನು, ನೇಯ್ದವನಿಗೆ ಸಲ್ಲಬೇಕಾದ ಬೆಲೆಯನ್ನು ಕೊಟ್ಟು ತರಬೇಕು. ನಮ್ಮ ಹೊಲದಲ್ಲಿ, ಮನೆಯಲ್ಲಿ ದುಡಿದವರ ಕೂಲಿಯನ್ನು ಅವರು ಬಾಗಿಲಿಗೆ ಬಂದು ನಿಂತು ಕೇಳುವ ಮುನ್ನವೇ ಕೊಡಬೇಕು. ಕೇಳಿಸಿಕೊಂಡು ಕೊಡುವುದು ವ್ಯವಹಾರ. ಕೇಳುವ ಮುನ್ನ ಕೊಡುವುದು ದಾಸೋಹ.

ನಮ್ಮೂರಿನ ಮುಂದೆ ಹರಿಯುವ ಮಲಪ್ರಭೆಯು ಇಲ್ಲಿಂದ ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಬಸವಣ್ಣನವರ ಆ ಪುಣ್ಯಕ್ಷೇತ್ರಕ್ಕೆ ನಾವು ವರ್ಷಕ್ಕೊಮ್ಮೆ ಬಸ್ಸು ಹತ್ತಿ ಹೋಗುತ್ತೇವೆ. ಹೋದವರೆಲ್ಲ ಅಲ್ಲಿ ಏನನ್ನಾದರೂ ಬೇಡಿಕೊಳ್ಳುವುದು ರೂಢಿ. ಮುಂದಿನ ಸಲ ಹೋದಾಗ ನಮಗಾಗಿ ಬೇಡುವುದನ್ನು ಬಿಟ್ಟು, ನಮ್ಮ ಓಣಿಯಲ್ಲಿ ಯಾರ ದುಡಿಮೆಗೆ ತಕ್ಕ ಫಲ ದೊರೆತಿಲ್ಲವೆಂದು ಒಮ್ಮೆ ನೆನೆದು ಬರೋಣ. ನೆನೆದ ಮೇಲೆ ಊರಿಗೆ ಮರಳಿ, ನಮ್ಮಿಂದಾದಷ್ಟನ್ನು ಮಾಡೋಣ. ಬಸವಾದಿ ಶರಣರ ಕೃಪೆಯಿಂದ ನಮ್ಮೆಲ್ಲರ ಕೈಗಳಿಗೆ ಕಾಯಕದ ಶ್ರದ್ಧೆಯೂ, ಕಣ್ಣುಗಳಿಗೆ ನೆರೆಯವರ ಹಸಿವನ್ನು ಕಾಣುವ ಶಕ್ತಿಯೂ ದೊರೆಯಲೆಂದು ಪ್ರಾರ್ಥಿಸುತ್ತೇನೆ.